ಹಲ್ಲಿನಿಂದ ಕಡಿದ ಸೀಲು

ಟಕ್ ಎಂದು ಒಂದು ಸಣ್ಣ ಸದ್ದಾಯಿತು.

ಡ್ಯೂಟಿ ರೂಮಿನ ಕುರ್ಚಿಯಲ್ಲೇ ಕಣ್ಣು ಮುಚ್ಚಿದ್ದ ಡಾಕ್ಟರ್ ಪೂರ್ವಾ ಕರಜಗಿಗೆ ಎಚ್ಚರವಾಯಿತು. ಬಾಗಿಲು ಬಡಿದ ಸದ್ದಲ್ಲ. ಬಾಟಲಿ ಉರುಳಿದ್ದೂ ಅಲ್ಲ. ಸ್ಟೀಲಿನ ಕೊಂಡಿ ಸ್ಟೀಲಿಗೆ ಕಚ್ಚಿಕೊಂಡ ಸದ್ದು. ಆ ಮಹಡಿಯಲ್ಲಿ ಅಂಥ ಕೊಂಡಿ ಇದ್ದದ್ದು ಒಂದೇ ಕಡೆ, ರೋಗಿಗಳ ಜೀವಕೋಶಗಳನ್ನು ಇಡುವ ಪಕ್ಕದ ಕೋಣೆಯಲ್ಲಿ.

ಓಡಬೇಕಿತ್ತು. ಓಡಲಿಲ್ಲ. ಇನ್ನೊಂದು ಸದ್ದು ಬರುತ್ತದೇನೋ ಎಂದು ಕಿವಿಗೊಟ್ಟು ಕುಳಿತಳು. ಕತ್ತಲಲ್ಲಿ ಕಾಲಿನಿಂದ ಚಪ್ಪಲಿ ತಡಕಿದಳು. ಸಿಗದಾಗ ತನ್ನ ಮೇಲೇ ಸಿಟ್ಟಾಗಿ ಬರಿಗಾಲಲ್ಲೇ ಹೊರಟಳು.

ಕೋಣೆಯಲ್ಲಿ ಯಾರೂ ಇರಲಿಲ್ಲ. ಬಾಗಿಲು ತೆರೆದಿತ್ತು. ಹಿಂದಿನ ಮೆಟ್ಟಿಲಿಗೆ ಹೋಗುವ ಇನ್ನೊಂದು ಬಾಗಿಲೂ ಅರ್ಧ ತೆರೆದಿತ್ತು. ಮೂಲೆಯಲ್ಲಿ ಸೊಂಟದೆತ್ತರದ ಸ್ಟೀಲ್ ಡಬ್ಬಿ ಇಟ್ಟಲ್ಲೇ ಇತ್ತು, ಮುಚ್ಚಳವೂ ಭದ್ರವಾಗಿತ್ತು. ಆದರೆ ಅದರ ಬುಡದ ಸುತ್ತ ನೆಲದ ಮೇಲೆ ಬಿಳಿ ಹೊಗೆ ತೆಳ್ಳಗೆ ಹರಡಿ, ನೋಡುತ್ತಿದ್ದಂತೆ ಕರಗುತ್ತಿತ್ತು. ಡಬ್ಬಿಯೊಳಗಿನ ನೈಟ್ರೋಜನ್ನಿನ ಹೊಗೆ ಅದು. ಮುಚ್ಚಳ ತೆಗೆದಾಗ ಮಾತ್ರ ಹೊರಗೆ ಬರುವಂಥದ್ದು.

ಯಾರೋ ಈಗಷ್ಟೇ ತೆಗೆದಿದ್ದರು.

ಪೂರ್ವಾ ಮನೆಗೆ ಹೋಗದೆ ಕುರ್ಚಿಯಲ್ಲಿ ಮಲಗುತ್ತಿದ್ದದ್ದೇ ಈ ಭಯಕ್ಕೆ. ಕಳೆದ ತಿಂಗಳು ಜನಾಬಾಯಿ ಎಂಬ ರೋಗಿಗೆ ಏರಿಸಿದ ಚೀಲದಲ್ಲಿ ಜೀವಕೋಶಗಳೇ ಇರಲಿಲ್ಲ, ಬರೀ ಸಲೈನ್ ಇತ್ತು. ಜನಾಬಾಯಿ ಉಳಿಯಲಿಲ್ಲ, ಚೀಲ ಬದಲಿಸಿದವರು ಯಾರೆಂದು ಪಿಎಸ್‌ಐ ಛಾಯಾ ಇನ್ನೂ ಹುಡುಕುತ್ತಿದ್ದರು.

ಈಗ ಡಬ್ಬಿಯಲ್ಲಿದ್ದದ್ದು ಅಮೋಲ್‌ನ ಕೋಶಗಳು. ಅಕ್ಕಲಕೋಟದಾಚೆಯ ಒಂದು ಪುಟ್ಟ ಹಳ್ಳಿಯ ಕುರಿಗಾರರ ಹುಡುಗ ಅವನು. ರಕ್ತದ ಕ್ಯಾನ್ಸರು. ಅವನ ರಕ್ತದಿಂದ ಬಿಳಿ ಕಣಗಳನ್ನು ಬೇರ್ಪಡಿಸಿ ಬೆಂಗಳೂರಿನ ಲ್ಯಾಬಿಗೆ ಕಳಿಸಿದ್ದಳು ಪೂರ್ವಾ. ಅಲ್ಲಿ ಆ ಕಣಗಳಿಗೆ ಕ್ಯಾನ್ಸರನ್ನು ಗುರುತಿಸಿ ಕೊಲ್ಲುವ ಶಕ್ತಿ ತುಂಬಿ, ಕೋಟಿಗಟ್ಟಲೆ ಬೆಳೆಸಿ, ಹೆಪ್ಪುಗಟ್ಟಿಸಿ ವಾಪಸು ಕಳಿಸಿದ್ದರು. ಕಲಬುರಗಿಯವರೆಗೆ ವಿಮಾನ, ಅಲ್ಲಿಂದ ರಸ್ತೆಯ ಮೇಲೆ ಡಬ್ಬಿ ನಿನ್ನೆ ಸಂಜೆ ಸೋಲಾಪುರ ಮುಟ್ಟಿತ್ತು. ಸೀಲಿನ ನಂಬರನ್ನು ಪೂರ್ವಾ ತಾನೇ ಓದಿ ತಾಳೆ ನೋಡಿದ್ದಳು.

ಬೆಳಗಾದ ಮೇಲೆ ಮಧ್ಯಾಹ್ನ ಏರಿಸಬೇಕು. ಅದಕ್ಕೆಂದೇ ಔಷಧ ಕೊಟ್ಟು ಅಮೋಲ್‌ನ ಮೈಯಲ್ಲಿ ಉಳಿದಿದ್ದ ರೋಗನಿರೋಧಕ ಶಕ್ತಿಯನ್ನೆಲ್ಲ ಬರಿದು ಮಾಡಿದ್ದರು. ಈ ಕೋಶಗಳು ಒಳಗೆ ಹೋಗದಿದ್ದರೆ ಅವನಿಗೆ ಬೇರೆ ಆಸರೆಯಿಲ್ಲ. ಮತ್ತೊಮ್ಮೆ ತಯಾರಿಸಲು ತಿಂಗಳ ಮೇಲೆ ಬೇಕು. ಅಷ್ಟು ದಿನ ಅವನ ಹತ್ತಿರ ಇರಲಿಲ್ಲ.

ಪೂರ್ವಾ ದೀಪ ಹಾಕಿ ಬಗ್ಗಿದಳು. ನೀಲಿ ಪ್ಲಾಸ್ಟಿಕ್ ಸೀಲು ನೆಲದ ಮೇಲೆ ಬಿದ್ದಿತ್ತು. ಎತ್ತಿ ಬೆಳಕಿಗೆ ಹಿಡಿದಳು. ಕತ್ತರಿಯಿಂದ ಕತ್ತರಿಸಿದ್ದಲ್ಲ. ತುದಿ ಜಜ್ಜಿಹೋಗಿ ಎಳೆ ಎಳೆಯಾಗಿತ್ತು, ಪಕ್ಕದಲ್ಲಿ ಸಣ್ಣ ಸಣ್ಣ ತಗ್ಗುಗಳಿದ್ದವು.

ಹಲ್ಲು.

ಆಸ್ಪತ್ರೆಯ ಒಳಗಿನವರಿಗೆ ಕೈಗೆಟುಕುವಲ್ಲೆಲ್ಲ ಕತ್ತರಿ ಇರುತ್ತದೆ. ಹಲ್ಲಿನಿಂದ ಕಡಿಯುವವರು ಹೊರಗಿನವರು.

ಕೈಗವಸು ಹಾಕಿಕೊಂಡು ಮುಚ್ಚಳ ಎತ್ತಿದಳು. ಕೆಳಗಿನ ಥರ್ಮಾಕೋಲಿನ ಬಿರಡೆಯ ಅಂಚಿನಲ್ಲಿ ಹಳದಿ ಪುಡಿ ಮೆತ್ತಿತ್ತು. ಮೂಸಿ ನೋಡಬೇಕಾಗಿಯೇ ಇರಲಿಲ್ಲ. ಭಂಡಾರ. ಬೀರೋಬ, ಮೈಲಾರ ದೇವರ ಹೆಸರಿನಲ್ಲಿ ಹಾರಿಸುವ ಅರಿಶಿನದ ಪುಡಿ ಈ ಕಡೆಯ ಚಿಕ್ಕ ಮಕ್ಕಳಿಗೂ ಗೊತ್ತು.

ಬಿರಡೆಯನ್ನು ಅರೆಕ್ಷಣ ಮೇಲೆತ್ತಿ ಒಳಗೆ ಇಣುಕಿದಳು. ಚೀಲವನ್ನು ಹಿಡಿದಿಡುವ ಅಲ್ಯೂಮಿನಿಯಂ ಕ್ಯಾಸೆಟ್ಟು ಇತ್ತು. ಹಿಮ ಕಟ್ಟಿ ಬೆಳ್ಳಗಾಗಿತ್ತು, ಲೇಬಲ್ ಕಾಣಲಿಲ್ಲ. ಮುಚ್ಚಿಬಿಟ್ಟಳು.

ಒಳಗಿರುವುದು ಅಮೋಲ್‌ನ ಕೋಶಗಳೋ ಸಲೈನೋ? ನೋಡಬೇಕಾದರೆ ಕರಗಿಸಬೇಕು. ಕರಗಿಸಿದರೆ ತಕ್ಷಣ ಏರಿಸಬೇಕು, ಮತ್ತೆ ಹೆಪ್ಪುಗಟ್ಟಿಸಲು ಬರುವುದಿಲ್ಲ. ಏರಿಸಿದ ಮೇಲೆ, ಕೋಶ ಕೆಡದಂತೆ ಬಳಸಿದ ದ್ರಾವಣದಿಂದಾಗಿ ರೋಗಿಯ ಉಸಿರಿಗೆ ಬೆಳ್ಳುಳ್ಳಿಯಂಥ ವಾಸನೆ ಬರುತ್ತದೆ. ಜನಾಬಾಯಿಯ ಕೋಣೆಯಲ್ಲಿ ಆ ವಾಸನೆ ಬರದಿದ್ದಾಗಲೇ ಪೂರ್ವಾಗೆ ಅನುಮಾನ ಹುಟ್ಟಿದ್ದು. ಅಷ್ಟು ಹೊತ್ತಿಗೆ ಕಾಲ ಮಿಂಚಿತ್ತು.

ಸೀಲು ಒಡೆದರೆ ಕಂಪನಿಗೆ ಕೂಡಲೇ ತಿಳಿಸಬೇಕೆಂಬುದು ನಿಯಮ. ತಿಳಿಸಿದರೆ ಅವರ ಉತ್ತರ ಒಂದೇ: ಚೀಲ ಬಳಸಬೇಡಿ.

ಇನ್ನೊಂದು ವಿಷಯ ಅವಳ ತಲೆ ತಿನ್ನತೊಡಗಿತು. ಈ ಕೋಣೆ ತೆರೆಯುವುದು ಅವಳ ಕಾರ್ಡಿನಿಂದ ಮಾತ್ರ. ಪರ್ಸು ತೆಗೆದು ನೋಡಿದಳು. ಕಾರ್ಡು ಇತ್ತು. ಆದರೆ ಅದರ ಫೋಟೋ ಒಳಮುಖವಾಗಿತ್ತು. ಅವಳು ಯಾವಾಗಲೂ ಹೊರಮುಖವಾಗಿ ಇಡುತ್ತಾಳೆ. ಇಡುತ್ತಾಳೋ, ಇಡುತ್ತೇನೆಂದುಕೊಂಡಿದ್ದಾಳೋ? ರಾತ್ರಿ ಈ ಪರ್ಸು ಡ್ಯೂಟಿ ರೂಮು ಬಿಟ್ಟು ಹೋಗಿರಲಿಲ್ಲ. ಅಲ್ಲಿಗೆ ಬಂದವರೂ ಬಹಳ ಜನರಲ್ಲ. ವಾರ್ಡಿನ ಸಿಸ್ಟರ್ ರೂಪಾಲಿ ಮನೆಗೆ ಹೋಗುವ ಮುಂದೆ ಹೇಳಿ ಹೋಗಿದ್ದಳು. ಗಂಡ ನಾಗೇಶ ಬುತ್ತಿ ಕೊಟ್ಟು, "ಇವತ್ತರ ಮನಿಗಿ ಬಾ, ಡಬ್ಬಿ ಕಾಯಾಕ ವಾಚಮನ್ ಇದ್ದಾನ" ಎಂದು ಬೈದು ಹೋಗಿದ್ದ.

ಕೋಣೆಗೆ ತನ್ನದೇ ಒಂದು ಬೀಗ ಹಾಕಿ, ಬೆಳಗಾಗುವವರೆಗೆ ಅದರ ಎದುರು ಕುಳಿತಳು.

*

ಅಮೋಲ್ ಹಾಸಿಗೆಯ ಮೇಲೆ ಎದ್ದು ಕೂತಿದ್ದ. ಬೋಳು ತಲೆ, ಮಾಸ್ಕು, ನಡುವೆ ಎರಡು ದೊಡ್ಡ ಕಣ್ಣು.

"ಅವ್ವ ಎಲ್ಲಿ, ಅಮೋಲ್?"

"ನಸುಕಿನ್ಯಾಗ ಎಸ್‌ಟಿ ಬಸ್ ಹಿಡದು ಅಕ್ಕಲಕೋಟಕ್ಕ ಹೋಗ್ಯಾಳ್ರಿ ಮ್ಯಾಡಂ. ಸಿದ್ಧರಾಮನ ಕಡೆ."

"ಯಾರಂವ?"

"ಎಮ್ಮಿ ಡಾಕ್ಟರ್ರಿ. ದನಕ್ಕ ಸೂಜಿ ಮಾಡ್ತಾನ." ಅಮೋಲ್ ಕಣ್ಣಲ್ಲೇ ನಕ್ಕ. "ನಿಮ್ಮ ಮ್ಯಾಲಿನ ವಿಶ್ವಾಸ ಹೋತು ಕಾಣ್ತದ ಅಕಿಗಿ. ಮಧ್ಯಾಹ್ನ ಅಂವನ್ನೇ ಕರಕೊಂಡು ಬಂದ್ರೂ ಬಂದ್ಲು."

ಪೂರ್ವಾಗೆ ನಗು ಬರಲಿಲ್ಲ. "ಅವ್ವನ ಹತ್ರ ಭಂಡಾರ ಇರ್ತದೇನು?"

"ಸೆರಗಿನ ಗಂಟಿನ್ಯಾಗ ಯಾವಾಗೂ ಇರ್ತದ್ರಿ. ನನ್ನ ಹಣಿಗಿ ಹಚ್ಚಾಕ ರೂಪಾಲಿ ಸಿಸ್ಟರ್ ಬಿಡಲಿಲ್ಲ, ಇನ್ಫೆಕ್ಷನ್ ಆಗ್ತದ ಅಂತ. ಅವತ್ತಿನಿಂದ ಮಾರಿ ಊದಿಸ್ಕೊಂಡಾಳ." ಆಮೇಲೆ ದನಿ ತಗ್ಗಿಸಿ ಕೇಳಿದ: "ಇವತ್ತ ನಂದು ಆಗ್ತದಲ್ರಿ, ಮ್ಯಾಡಂ?"

"ಆಗ್ತದ."

ಅಷ್ಟು ಖಚಿತವಾಗಿ ಹೇಳಿದ್ದು ತಾನೇ ಎಂದು ಅವಳಿಗೆ ನಂಬಿಕೆಯಾಗಲಿಲ್ಲ.

ಬೆಳಗಿನ ಡ್ಯೂಟಿಗೆ ಆಗಷ್ಟೇ ಬಂದಿದ್ದ ರೂಪಾಲಿಗೆ, "ಅತ್ತೇರಿಗಿ ಆರಾಮಿಲ್ಲ, ಅಕ್ಕಲಕೋಟಕ್ಕ ಹೋಗಿ ಲಗೂನ ಬರ್ತೀನಿ" ಎಂದಳು. ಅತ್ತೆ ಸೀತಾಬಾಯಿ ಇದ್ದದ್ದು ಅಕ್ಕಲಕೋಟದಲ್ಲೇ ಆದ್ದರಿಂದ ಸುಳ್ಳು ಸಲೀಸಾಗಿ ಬಾಯಿಗೆ ಬಂತು.

ಎಂಐಡಿಸಿ ಕೈಗಾರಿಕಾ ಪ್ರದೇಶದ ಮಗ್ಗಗಳ ಸದ್ದು ದಾಟಿ, ಕುಂಭಾರಿ ದಾಟಿ ಕಾರು ಓಡಿಸುತ್ತ ಪೂರ್ವಾ ಯೋಚಿಸಿದಳು. ಸೀಲು ಕಡಿದದ್ದು ಅಮೋಲ್‌ನ ತಾಯಿ ಸಕ್ಕುಬಾಯಿ ಎಂಬುದರಲ್ಲಿ ಸಂಶಯವಿರಲಿಲ್ಲ. ಆದರೆ ಜನಾಬಾಯಿಯ ಚೀಲ ಬದಲಾದಾಗ ಸಕ್ಕುಬಾಯಿ ಈ ಆಸ್ಪತ್ರೆಯ ಮೆಟ್ಟಿಲೂ ಹತ್ತಿರಲಿಲ್ಲ. ಕಾರ್ಡು ತೆಗೆದು ಬಾಗಿಲು ತೆರೆಯುವುದೂ ಅವಳಿಂದ ಆಗುವ ಕೆಲಸವಲ್ಲ. ಹಾಗಾದರೆ ರಾತ್ರಿ ಆ ಕೋಣೆಗೆ ಬಂದವರು ಇಬ್ಬರು.

*

ಅಕ್ಕಲಕೋಟದ ಯಾತ್ರಿಕರ ಗದ್ದಲ ದಾಟಿದ ಮೇಲೆ ಮೈಂದರಗಿ ರಸ್ತೆಯಲ್ಲಿ ತಗಡಿನ ಒಂದು ಶೆಡ್ಡು. ಮುಂದೆ ದನ ಕಟ್ಟಿ ನಿಲ್ಲಿಸುವ ಕಂಬಗಳು. ಕೃತಕ ಗರ್ಭಧಾರಣೆ ಕೇಂದ್ರ. ಕಾರು ನಿಲ್ಲಿಸುವ ಮೊದಲೇ ಸಕ್ಕುಬಾಯಿಯ ದನಿ ಕೇಳಿತು.

"ಕೊಡೋ ನನ್ನ ಮಗನ್ನ! ಕೊಡತೀಯೋ ಇಲ್ಲೋ?"

"ಏ ಮಾವಶಿ, ತಲಿ ಕೆಟ್ಟದೇನು ನಿಂದು? ಇದರಾಗ ಹೋರಿ ಬೀಜ ಅದ. ನಿನ್ನ ಮಗ ಇಲ್ಲ."

"ಹೋರಿ ನಿಮ್ಮಪ್ಪ! ಆ ಹಸರ ಪಟ್ಟಿ ಡಬ್ಬಿ ತಗಿ ಹೊರಗ!"

ಸಿದ್ಧರಾಮ ಎನ್ನುವವನು ನಲವತ್ತರ ದುಂಡು ಆಳು. ಬಾಗಿಲಿಗೆ ಅಡ್ಡ ನಿಂತಿದ್ದ. ಅವನ ಹಿಂದೆ ಅಗಲ ಬಾಯಿಯ ಅಲ್ಯೂಮಿನಿಯಂ ಡಬ್ಬಿಯೊಂದು ಕಾಣುತ್ತಿತ್ತು. ಎತ್ತಿ ಒಯ್ಯಲು ಅದಕ್ಕೆ ಹಸಿರು ನವಾರದ ಪಟ್ಟಿ ಬಿಗಿದಿತ್ತು. ಹೋರಿಯ ವೀರ್ಯವನ್ನು ನೈಟ್ರೋಜನ್ನಿನಲ್ಲಿ ಇಡುವ ಡಬ್ಬಿ.

ನೈಟ್ರೋಜನ್ ಡಬ್ಬಿ ಆಸ್ಪತ್ರೆಯಲ್ಲಿ ಮಾತ್ರ ಇರುತ್ತದೆಂದು ತಾನು ಯಾಕೆ ತಿಳಿದಿದ್ದೆ ಎಂದು ಪೂರ್ವಾಗೆ ಆಶ್ಚರ್ಯವಾಯಿತು.

ಅವಳನ್ನು ಕಂಡದ್ದೇ ಸಕ್ಕುಬಾಯಿ ತಲೆಯ ಮೇಲೆ ಸೆರಗೆಳೆದುಕೊಂಡು ಕಂಬದ ಮರೆಗೆ ಸರಿದಳು.

"ಸಕ್ಕು ಮಾವಶಿ," ಪೂರ್ವಾ ಕೈಚೀಲದಿಂದ ನೀಲಿ ಸೀಲು ತೆಗೆದಳು. "ಇದನ್ನ ಹಲ್ಲಿಲೆ ಕಡದವರು ನೀವೇ ಏನು?"

ಸಕ್ಕುಬಾಯಿ ಸೀಲು ನೋಡಿದಳು, ನೆಲ ನೋಡಿದಳು.

"ನಾನೇ. ಕತ್ರಿ ಎಲ್ಲಿಂದ ತರಲಿ ಡಾಕ್ಟರ್ ಬಾಯಿ?"

"ಯಾಕ ಕಡದ್ರಿ?"

"ನನ್ನ ಮಗನ ರಕ್ತ ಊರು ಬಿಟ್ಟು ಹೋಗಿತ್ತು. ಎಲ್ಲೆಲ್ಲಿ ತಿರುಗಿ ಬಂತೋ ಯಾಂವ ಕಂಡಾನ." ಈಗ ಅವಳು ತಲೆಯೆತ್ತಿದಳು. "ನಮ್ಮ ಕುರಿ ಸುಗ್ಗಿ ಮುಗಿದ ಮ್ಯಾಲ ಹೊರಗ ಮೇಯಾಕ ಹೋಗ್ತಾವ. ತಿರುಗಿ ಹಟ್ಟಿ ಒಳಗ ಬರೂ ಮುಂದ ಬೀರೋಬನ ಹೆಸರಿಲೆ ಭಂಡಾರ ಹಾರಸ್ತೀವಿ. ಹಾರಸದ ಒಂದು ಮರೀನೂ ಒಳಗ ಬಿಡಂಗಿಲ್ಲ. ಕುರಿಗಿ ಮಾಡೂದು ಮಗಗ ಮಾಡಬಾರದೇನು? ನಿಮ್ಮ ಸಿಸ್ಟರ್ ಮುಟ್ಟಗೊಡಲಿಲ್ಲ. ನಾನೇ ಹಾರಸಿದೆ."

"ಕೋಣಿ ಒಳಗ ಹ್ಯಾಂಗ ಹೋದ್ರಿ?"

"ಬಾಗಲಾ ತೆರದಿತ್ತು."

"ಆ ಮುಚ್ಚಳ ತಗಿಯಾಕ ಯಾರು ಹೇಳಿಕೊಟ್ರು?"

"ಅದರಾಗ ಏನದ ಹೇಳಿಕೊಡೂದು? ಇಂವ ನಮ್ಮ ಎಮ್ಮಿಗಿ ಬಂದಾಗ ನೋಡೀನಲ್ಲ. ಹೊಗಿ ಬರ್ತದ, ಒಳಗ ಕೈ ಹಾಕಬಾರದು."

ಸಿದ್ಧರಾಮ ನಡುವೆ ಬಾಯಿ ಹಾಕಿದ. "ನೋಡ್ರಿ, ನಾ ಏನೂ ಹೇಳಿಕೊಟ್ಟಿಲ್ಲ ಮತ್ತ."

"ನೀ ಸುಮ್ಮ ನಿಂದ್ರೋ!" ಸಕ್ಕುಬಾಯಿ ಗದರಿದಳು. ಆಮೇಲೆ ಪೂರ್ವಾಳ ಕಡೆ ತಿರುಗಿ ಉಳಿದದ್ದನ್ನು ತಡೆಯಿಲ್ಲದೆ ಹೇಳಿದಳು. ಭಂಡಾರ ಹಾಕಿ ಬಿರಡೆ ಮುಚ್ಚುವಷ್ಟರಲ್ಲಿ ಹಿಂದಿನ ಮೆಟ್ಟಿಲ ಮೇಲೆ ಕಾಲ ಸಪ್ಪಳವಾಯಿತು. ಅವಳು ಗೋಡೆಗೆ ತೂಗುಹಾಕಿದ್ದ ಕೋಟುಗಳ ಹಿಂದೆ ಅಡಗಿದಳು. ಒಬ್ಬ ಗಂಡಸು ಬಂದ. ಮುಖಕ್ಕೆ ಮಾಸ್ಕು. ಕೈಯಲ್ಲಿ ಹಸಿರು ಪಟ್ಟಿಯ ಡಬ್ಬಿ. ಆಸ್ಪತ್ರೆಯ ಡಬ್ಬಿ ತೆರೆದು ಒಳಗಿದ್ದ ತಗಡಿನ ಪೆಟ್ಟಿಗೆ ತೆಗೆದು ತನ್ನ ಡಬ್ಬಿಯಲ್ಲಿಟ್ಟ. ತನ್ನ ಡಬ್ಬಿಯಲ್ಲಿದ್ದ ಅಂಥದೇ ಇನ್ನೊಂದನ್ನು ಅಲ್ಲಿ ಇಟ್ಟ. ಟಕ್ ಎಂದು ಕೊಂಡಿ ಹಾಕಿ ಹೊರಟುಹೋದ. ಅವಳೂ ಕೂಡಲೇ ಅಲ್ಲಿಂದ ಹೊರಬಿದ್ದಳು.

"ಒದರಬೇಕಂದೆ, ಬಾಯಿ ಬರಲಿಲ್ಲ. ಸೀಲ ಕಡದವಳು ನಾನು. ನನ್ನನ್ನೇ ಕಳ್ಳಿ ಅಂತಿದ್ರಿ. ಆದ್ರ ಡಬ್ಬಿ ಇಂವಂದು, ಕಣ್ಣಾರೆ ನೋಡೀನಿ. ಅದಕ್ಕ ಬಂದೆ."

ಪೂರ್ವಾ ಒಂದು ಹೆಜ್ಜೆ ಮುಂದೆ ಬಂದಳು.

"ಮಾವಶಿ, ಸಾವಕಾಶ ನೆನಪ ಮಾಡ್ಕೊಂಡು ಹೇಳ್ರಿ. ನೀವು ಹಾರಿಸಿದ ಭಂಡಾರ ಎಲ್ಲಿ ಬಿತ್ತು?"

"ಒಂದೀಟು ಡಬ್ಬಿ ಬಾಯಿ ಮ್ಯಾಲ ಬಿತ್ತು. ಒಂದೀಟು ಒಳಗ, ತಗಡಿನ ಮ್ಯಾಲ."

"ತಗಡಿನ ಮ್ಯಾಲ ಬಿದ್ದದ್ದು ಕಣ್ಣಿಲೆ ನೋಡಿದ್ರಿ?"

"ನೋಡದ ಹ್ಯಾಂಗ ಮುಚ್ಚಲಿ? ಬೀಳಲಿಲ್ಲಂದ್ರ ಇನ್ನೊಂದು ಚಿಮಟಿ ಹಾಕ್ತಿದ್ದೆ."

ಪೂರ್ವಾ ಕಣ್ಣು ಮುಚ್ಚಿ ರಾತ್ರಿ ತಾನು ಇಣುಕಿ ನೋಡಿದ ಕ್ಯಾಸೆಟ್ಟನ್ನು ನೆನೆದಳು. ಬಿಳಿ ಹಿಮ. ಬರೀ ಬಿಳಿ. ಹಳದಿಯ ಒಂದು ಕಣವೂ ಇರಲಿಲ್ಲ.

ಸಕ್ಕುಬಾಯಿಯ ಹಲ್ಲು ತಾಗುವವರೆಗೆ ಸೀಲು ಬೆಂಗಳೂರಿನಿಂದ ಬಂದ ಹಾಗೇ ಇತ್ತು. ಅಂದರೆ ಭಂಡಾರ ಬಿದ್ದದ್ದು ಅಮೋಲ್‌ನ ನಿಜವಾದ ಕೋಶಗಳ ಮೇಲೆ. ಆಸ್ಪತ್ರೆಯಲ್ಲಿ ಈಗ ಬೀಗದೊಳಗೆ ಇರುವುದು ಬೇರೆ.

"ಸಿದ್ಧರಾಮ, ಆ ಡಬ್ಬಿ ರಾತ್ರಿ ಯಾರ ಹತ್ರ ಇತ್ತು?"

ಸಿದ್ಧರಾಮ ಕತ್ತು ತುರಿಸಿಕೊಂಡ. "ನನ್ನ ಯಾಕ ಕೇಳ್ತೀರಿ ವೈನಿ? ನಿಮ್ಮ ಮನ್ಯಾಗ ಕೇಳ್ರಿ."

ವೈನಿ. ಅಣ್ಣನ ಹೆಂಡತಿಯನ್ನು ಕರೆಯುವ ಹಾಗೆ ಕರೆದಿದ್ದ. ಪೂರ್ವಾ ಈ ಮನುಷ್ಯನನ್ನು ಹಿಂದೆಂದೂ ನೋಡಿರಲಿಲ್ಲ.

"ನಾ ಯಾರಂತ ನಿನಗ ಹ್ಯಾಂಗ ಗೊತ್ತು?"

"ನಾಗೇಶ ಸಾಹೇಬ್ರು ಮೊಬೈಲಿನ್ಯಾಗ ಫೋಟೋ ತೋರಿಸ್ಯಾರ್ರಿ. ನೀವು ಬಂದ್ರ ಗುರ್ತ ಸಿಗಲಿ ಅಂತ."

ಶೆಡ್ಡಿನ ಹಿಂದೆ ಎಲ್ಲೋ ಒಂದು ಕರು ಕೂಗಿತು. ನಾಗೇಶ ಸೋಲಾಪುರದ ಪಶುಸಂಗೋಪನೆ ಇಲಾಖೆಯ ಕಚೇರಿಯಲ್ಲಿದ್ದ. ಇಂಥ ಕೇಂದ್ರಗಳ ಪರವಾನಗಿಯೆಲ್ಲ ಅವನ ಟೇಬಲ್ ಮೇಲೆ ಹಾದು ಹೋಗಬೇಕು. ಅವನು ಡಬ್ಬಿ ಕೇಳಿದರೆ ಸಿದ್ಧರಾಮ ಯಾಕೆಂದು ಕೇಳುವುದಿಲ್ಲ.

"ಎಲ್ಲಾ ಹೇಳು," ಎಂದಳು.

"ನಿನ್ನೆ ಸಂಜೀಕ ಬಂದ್ರು. ತಾವೇ ಒಂದು ತಗಡಿನ ಪೆಟ್ಟಿಗಿ ತಂದಿದ್ರು, ಇದರಾಗ ಇಟ್ಕೊಂಡು ಡಬ್ಬಿ ಒಯ್ದ್ರು. ಮುಂಜಾನಿ ಕೋಳಿ ಕೂಗೂ ಹೊತ್ತಿಗಿ ತಿರುಗಿ ತಂದು ಇಟ್ರು. ನೈಟ್ರೋಜನ್ ತುಂಬಿಸಿದ್ರು, ಗಂಟಲ ಮಟ. 'ಪೂರ್ವಾ ತಾನಾಗೇ ಬಂದು ಕೇಳಿದ್ರ ಅಕಿ ಕೈಯಾಗ ಕೊಡು' ಅಂದ್ರು." ಸಿದ್ಧರಾಮ ಸಕ್ಕುಬಾಯಿಯನ್ನು ಓರೆಗಣ್ಣಿಂದ ನೋಡಿ ದನಿ ಇಳಿಸಿದ. "ಮತ್ತೊಂದು ಅಂದ್ರು. 'ದವಾಖಾನಿ ರೂಪಾಲಿ ಸಿಸ್ಟರ್ ಬಂದ್ರ ಡಬ್ಬಿ ಇಲ್ಲ ಅನ್ನು, ನಾ ಬಂದಿದ್ದೂ ಇಲ್ಲ ಅನ್ನು.'"

"ಈಗ ಎಲ್ಲಿದ್ದಾರ?"

"ಗೊತ್ತಿಲ್ರಿ. ಭಾಳ ಗಡಿಬಿಡಿಯಾಗ ಇದ್ರು. ಚಹಾ ಸುದ್ದಾ ಕುಡಿಲಿಲ್ಲ."

ಪೂರ್ವಾ ನಾಗೇಶನ ನಂಬರು ಒತ್ತಿದಳು. ಸ್ವಿಚ್ ಆಫ್. ಅತ್ತೆಗೆ ಫೋನ್ ಹಚ್ಚಿದಳು. ಸೀತಾಬಾಯಿ, "ನನ್ನ ಮಗ ನನ್ನ ಮನಿ ದಾರಿ ಮರತು ಎಷ್ಟ ದಿನಾತು, ನೀನರ ನೆನಪ ಮಾಡು ಅಂವಗ" ಎಂದರು.

ಅವಳು ಸಿದ್ಧರಾಮನ ದಪ್ಪ ಕೈಗವಸು ಹಾಕಿಕೊಂಡು ಡಬ್ಬಿ ತೆರೆದಳು. ಹೊಗೆ ಮೊಣಕಾಲಿನವರೆಗೆ ಇಳಿಯಿತು. ಕ್ಯಾಸೆಟ್ಟನ್ನು ಹೊಗೆಯಿಂದ ಹೊರಗೆ ಬಿಡದೆ ಅಷ್ಟೇ ಮೇಲೆತ್ತಿದಳು. ಮೇಲಂಚಿನ ಹಿಮದಲ್ಲಿ ಒಂದು ಚಿಮಟಿ ಹಳದಿ ಹೆಪ್ಪುಗಟ್ಟಿ ಕೂತಿತ್ತು. ಹೆಬ್ಬೆರಳಿನಿಂದ ಲೇಬಲ್ ಉಜ್ಜಿದಳು. ಅಮೋಲ್‌ನ ಹೆಸರು, ಕೆಳಗೆ ಅವಳಿಗೆ ಬಾಯಿಪಾಠವಾಗಿದ್ದ ನಂಬರು. ಕೂಡಲೇ ಒಳಗಿಳಿಸಿದಳು. ಕ್ಯಾಸೆಟ್ಟು ಮುಚ್ಚಿತ್ತು, ಒಳಗಿನ ಚೀಲಕ್ಕೆ ಬೇರೆ ಹೊದಿಕೆ ಇತ್ತು. ಪುಡಿ ಹೊರಗಷ್ಟೇ ಇತ್ತು. ಒರೆಸಿದರೆ ಹೋಗುತ್ತದೆ.

"ಇದಾನೇನು?" ಸಕ್ಕುಬಾಯಿ ಅವಳ ಭುಜದ ಹಿಂದಿನಿಂದ ಕೇಳಿದಳು. ಏನಿದೆ ಎಂದಲ್ಲ, ಇದ್ದಾನೆಯೇ ಎಂದು.

"ಇದ್ದಾನ."

ಅಷ್ಟರಲ್ಲಿ ಮೊಬೈಲು ಬಡಿದುಕೊಂಡಿತು. ರೂಪಾಲಿ.

"ಮ್ಯಾಡಂ, ಅತ್ತೇರು ಹ್ಯಾಂಗಿದ್ದಾರ? ಈಗ ಚಲೋ ಇದ್ದಾರಲ್ಲ?"

"ಆರಾಮಾಗ್ಯಾರ. ಏನು?"

"ಕೋಶದ ಕೋಣಿಗಿ ಯಾರೋ ಬ್ಯಾರೆ ಕೀಲಿ ಹಾಕ್ಯಾರ್ರಿ. ನಿಮ್ಮದೇನು? ಕೀಲಿಕೈ ಎಲ್ಲಿ ಇಟ್ಟೀರಿ ಹೇಳ್ರಿ, ನಾ ಎಲ್ಲಾ ತಯಾರಿ ಮಾಡಿ ಇಡ್ತೀನಿ."

"ನಾ ಬಂದು ತಗೀತೀನಿ."

ರೂಪಾಲಿಯ ದನಿ ಮೆತ್ತಗಾಯಿತು.

"ಮ್ಯಾಡಂ, ಒಂದು ಮಾತು. ಹೇಳಬೇಕೋ ಬ್ಯಾಡೋ ಅಂತ ಮುಂಜಾನಿಂದ ತಿಳೀವಲ್ದು. ರಾತ್ರಿ ನಾಗೇಶ ಸರ್ ಹಿಂದಿನ ಪಾವಟಿಗಿ ಇಳದು ಹೋಗೂದು ನೋಡಿದೆ. ಕೈಯಾಗ ಏನೋ ವಜ್ಜಿ ಸಾಮಾನ ಇತ್ತು. ಛಾಯಾ ಮ್ಯಾಡಂಗ ಹೇಳಲೇನು? ನೀವು ಹ್ಯಾಂಗ ಅಂತೀರಿ ಹಂಗ."

ಪೂರ್ವಾ ಮೊಬೈಲನ್ನು ಕಿವಿಗೆ ಇನ್ನಷ್ಟು ಒತ್ತಿ ಹಿಡಿದಳು. ನಿನ್ನೆ ರಾತ್ರಿ ರೂಪಾಲಿಗೆ ಡ್ಯೂಟಿ ಇರಲಿಲ್ಲ. ಮನೆಗೆ ಹೊರಟೆ ಎಂದು ಅವಳೇ ಬಂದು ಹೇಳಿ ಹೋಗಿದ್ದಳು. ಹೋದವಳು ಆ ಹೊತ್ತಿನಲ್ಲಿ ಆ ಮೆಟ್ಟಿಲಿನ ಹತ್ತಿರ ಏನು ಮಾಡುತ್ತಿದ್ದಳು?

ಕೇಳಲಿಲ್ಲ.

"ಅಯ್ಯೋ, ಅವರು ನನಗ ಬುತ್ತಿ ಕೊಡಾಕ ಬಂದಿದ್ರು. ಯಾರಿಗಿ ಹೇಳೂದದ ಅದರಾಗ?"

"ಹಂಗೇನ್ರಿ? ಆತು, ಆತು. ನಾ ಅಮೋಲ್ ಹತ್ರಾನೇ ಇರ್ತೀನಿ, ನೀವು ಕಾಳಜಿ ಮಾಡಬ್ಯಾಡ್ರಿ."

ಕರೆ ಕಟ್ಟಾಯಿತು.

ಗಂಡ ಸಿಸ್ಟರನ್ನು ನಂಬಬೇಡ ಎನ್ನುತ್ತಿದ್ದಾನೆ. ಸಿಸ್ಟರ್ ಗಂಡನನ್ನು ತೋರಿಸುತ್ತಿದ್ದಾಳೆ. ನಾಗೇಶ ನಿಜವಾದ ಕೋಶಗಳನ್ನು ಕಾಪಾಡಲು ಒಯ್ದನೋ? ಹಾಗಾದರೆ ಪಕ್ಕದ ಕೋಣೆಯಲ್ಲೇ ಮಲಗಿದ್ದ ಹೆಂಡತಿಗೆ ಯಾಕೆ ಹೇಳಲಿಲ್ಲ? ಕದಿಯಲು ಒಯ್ದದ್ದಾದರೆ ಅವಳ ಕೈಗೇ ಕೊಡು ಎಂದು ಯಾಕೆ ಹೇಳಿದ? ಕ್ಯಾಸೆಟ್ಟಿನಂಥ ಇನ್ನೊಂದು ಕ್ಯಾಸೆಟ್ಟು ಅವನಿಗೆ ಎಲ್ಲಿ ಸಿಕ್ಕಿತು?

ಪಿಎಸ್‌ಐ ಛಾಯಾರ ನಂಬರನ್ನು ಸ್ಕ್ರೀನಿನ ಮೇಲೆ ತಂದಳು. ಛಾಯಾ ಒಳ್ಳೆಯ ಅಧಿಕಾರಿ. ಕೇಳಿದ ಮರುಗಳಿಗೆ ಬರುತ್ತಾರೆ. ಬಂದು ಮೊದಲು ಮಾಡುವ ಕೆಲಸ ಈ ಕ್ಯಾಸೆಟ್ಟನ್ನು ಜಪ್ತಿ ಮಾಡುವುದು. ಅದು ಸಾಕ್ಷ್ಯವಾಗುತ್ತದೆ, ನಂಬರು ಬರೆಸಿಕೊಂಡು ಯಾವುದೋ ಕಪಾಟು ಸೇರುತ್ತದೆ. ಕಂಪನಿಗೆ ಹೇಳಿದರೆ, ಸೀಲು ಒಡೆದ, ದನದ ಡಬ್ಬಿಯಲ್ಲಿ ರಾತ್ರಿ ಕಳೆದ ಚೀಲವನ್ನು ಅವರು ಮುಟ್ಟಗೊಡುವುದಿಲ್ಲ. ಅವರವರ ನಿಯಮದಲ್ಲಿ ಎಲ್ಲರೂ ಸರಿ. ಅಮೋಲ್ ಮಾತ್ರ ಹಾಸಿಗೆಯ ಮೇಲೆ ಕೂತು, ಇವತ್ತು ನಂದು ಆಗ್ತದಲ್ರಿ ಎಂದು ಕೇಳುತ್ತಿರುತ್ತಾನೆ.

ಸಿದ್ಧರಾಮ ಡಬ್ಬಿ ಎತ್ತಿ ಕಾರಿನ ಹಿಂದಿನ ಸೀಟಿಗಿಟ್ಟ. ಸಕ್ಕುಬಾಯಿ ಹೇಳಿಸಿಕೊಳ್ಳದೆ ಅದರ ಪಕ್ಕ ಹತ್ತಿ ಕೂತು, ಎರಡೂ ಕೈಯಿಂದ ಅದನ್ನು ತಬ್ಬಿಕೊಂಡಳು.

"ನಾ ಬಾಯಿ ಬಿಡಂಗಿಲ್ಲ ಡಾಕ್ಟರ್ ಬಾಯಿ," ಎಂದಳು. "ಬೀರಣ್ಣಗೂ ಹೇಳಂಗಿಲ್ಲ. ಅಂವ ನನ್ನ ಗಂಡ ಖರೇ, ಆದ್ರ ಬಾಯಾಗ ಮಾತ ನಿಲ್ಲಂಗಿಲ್ಲ ಅವಂಗ. ನೀವು?"

ಪೂರ್ವಾ ಸ್ಟೇರಿಂಗಿನ ಮುಂದೆ ಕೂತಳು. ಹಿಂದಿನ ಮೆಟ್ಟಿಲಿನಿಂದ ಡಬ್ಬಿ ಒಳಗೆ ಒಯ್ಯಬೇಕು. ರೂಪಾಲಿಯನ್ನು ಏನಾದರೂ ನೆಪ ಹೇಳಿ ಕೆಳಗೆ ಕಳಿಸಬೇಕು. ಚೀಲವನ್ನು ಬೇರೆ ಯಾರ ಕೈಗೂ ಕೊಡದೆ ತಾನೇ ಕರಗಿಸಿ ತಾನೇ ಏರಿಸಬೇಕು. ಯಾರಾದರೂ ಕೇಳಿದರೆ, ಸೀಲನ್ನು ನಾನೇ ತೆಗೆದೆ ಎನ್ನಬೇಕು. ಅಲ್ಲಿಯವರೆಗೆ ನಾಗೇಶ ಎಲ್ಲಿದ್ದರೂ ಅವನ ಪಾಡು ಅವನದು.

ಛಾಯಾರ ನಂಬರು ಇನ್ನೂ ಸ್ಕ್ರೀನಿನ ಮೇಲಿತ್ತು. ಅವಳು ಅದನ್ನು ಅಳಿಸಿ, ಮೊಬೈಲನ್ನು ಪೂರ್ತಿ ಆಫ್ ಮಾಡಿ, ಸೋಲಾಪುರದ ಕಡೆ ಕಾರು ತಿರುಗಿಸಿದಳು. ಪೊಲೀಸರಿಗಿಲ್ಲ, ಕಂಪನಿಗಿಲ್ಲ, ಸಿಕ್ಕರೆ ಗಂಡನಿಗೂ ಇಲ್ಲ. ಇವತ್ತು ನಡೆದದ್ದನ್ನು ಅವಳು ಯಾರಿಗೂ ಹೇಳುವುದಿಲ್ಲ.